ಗ್ಯಾರೇಜಿನಲ್ಲಿ ಗಾಲ್ಫ್ ಕ್ಲಬ್ ಜೋಡಿಸೋಕೆ ಕಾರನ್ನು ಹೊರಗೆ ಹಾಕಲೇಬೇಕಾ?

ಪ್ರಶ್ನೆ: ನಾವು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಎರಡು ಕಾರಿನ ಗ್ಯಾರೇಜ್ ಇದೆ. ಕ್ಲಬ್‌ನ ಗ್ರಿಪ್ (ಹಿಡಿ) ಬದಲಿಸೋಕೆ, ಶಾಫ್ಟ್ (ಕೋಲು) ಹಾಕಿಸೋಕೆ ಅಂಗಡಿಗೆ ಓಡಿ ಓಡಿ ಸಾಕಾಗಿದೆ. ಗ್ಯಾರೇಜನ್ನು ಪೂರ್ತಿ ವರ್ಕ್‌ಶಾಪ್ ಮಾಡಿ ಕ್ಲಬ್‌ಗಳನ್ನು ನಾನೇ ಜೋಡಿಸಬೇಕು ಅಂತ ಆಸೆ. ಹೆಡ್‌ನ (ಚೆಂಡಿಗೆ ತಾಗುವ ತುದಿಯ) ಕೋನ ಅಳೆದು ಬಗ್ಗಿಸುವ ಲಾಫ್ಟ್-ಲೈ ಮೆಷಿನ್, ಶಾಫ್ಟ್ ಎಷ್ಟು ಬಿರುಸು ಅಂತ ಅಳೆಯುವ ಫ್ರೀಕ್ವೆನ್ಸಿ ಮೆಷಿನ್ ಎಲ್ಲ ನೋಡಿಟ್ಟಿದ್ದೇನೆ. ಕಾರು ಬಿಸಿಲಲ್ಲಿ ಒಣಗಬೇಕಾ ಅಂತ ಹೆಂಡತಿಯ ತಕರಾರು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಹೆಂಡತಿಯ ಮಾತೇ ಸರಿ, ಕಾರು ಒಳಗೇ ಇರಲಿ. ಈ ಕೆಲಸಕ್ಕೆ ಬೇಕಾಗೋದು ಒಂದು ಗೋಡೆ ಅಷ್ಟೇ. ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಗಟ್ಟಿ ಬೆಂಚ್ ಸಾಕು. ದೊಡ್ಡ ಬಾಗಿಲು ಕಿತ್ತು ಗೋಡೆ ಕಟ್ಟಿಸೋಕೆ ಹೋದರೆ ಪರ್ಮಿಟ್ ಬೇಕು, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ದರೆ ಅವರದೂ ಒಂದು ಕಾಟ. ಅಷ್ಟಕ್ಕೂ ಆ ಬಾಗಿಲೇ ನಿಮಗೆ ಗಾಳಿ ಕೊಡೋದು.

ವೈಸ್ (ಕ್ಲಬ್ಬನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಸಾಧನ) ಎಲ್ಲಿ ಕೂರಿಸುತ್ತೀರಿ ಅನ್ನೋದನ್ನು ಮೊದಲು ಯೋಚಿಸಿ. ಡ್ರೈವರ್ (ಸೆಟ್ಟಿನ ಅತಿ ಉದ್ದದ ಕ್ಲಬ್) 45 ಇಂಚಿನ ಆಸುಪಾಸು ಇರುತ್ತದೆ, ಅದನ್ನು ಅಡ್ಡಕ್ಕೆ ಹಿಡಿಸಿದಾಗ ಗೋಡೆಗೂ ತಾಗಬಾರದು, ಕಾರಿನ ಕನ್ನಡಿಗೂ ತಾಗಬಾರದು. ಬೆಂಚಿನ ತುದಿಯಲ್ಲಿ, ಕ್ಲಬ್ ಬೆಂಚಿನ ಉದ್ದಕ್ಕೇ ಮಲಗುವ ಹಾಗೆ ಕೂರಿಸಿ. ಶಾಫ್ಟ್ ಹಿಡಿಯೋಕೆ ರಬ್ಬರ್ ಕ್ಲ್ಯಾಂಪ್ ಇಲ್ಲದೆ ವೈಸ್ ಬಿಗಿಯಲೇಬೇಡಿ, ಗ್ರಾಫೈಟ್ (ಕಾರ್ಬನ್ ನಾರಿನ) ಶಾಫ್ಟ್ ಆದರೆ ಸೀಳಿಹೋಗುತ್ತದೆ.

ಈಗ ಕರೆಂಟ್. ಹಳೇ ಅಂಟು ಸಡಿಲಿಸುವ ಹೀಟ್ ಗನ್ 1,500 ವ್ಯಾಟ್ ಅಂದುಕೊಳ್ಳಿ, 120 ವೋಲ್ಟ್‌ನಲ್ಲಿ ಅದೊಂದೇ 12.5 ಆಂಪ್ ಎಳೆಯುತ್ತದೆ. ಅದೇ ಲೈನಿನಲ್ಲಿ ಕಟಿಂಗ್ ಮೆಷಿನ್ ಹಾಕಿದಿರೋ, ಬ್ರೇಕರ್ ಬೀಳೋದು ಗ್ಯಾರಂಟಿ. ಎಲೆಕ್ಟ್ರಿಷಿಯನ್ ಕರೆಸಿ ಬೆಂಚಿಗೆಂದೇ 20 ಆಂಪಿನ ಬೇರೆ ಲೈನ್ ಎಳೆಸಿ, ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸಾಧನ) ರಕ್ಷಣೆ ಇರಲಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ, ಅಲ್ವಾ? ಗ್ರಿಪ್ ಜಾರಿಸೋಕೆ ಹಾಕುವ ಮಿನರಲ್ ಸ್ಪಿರಿಟ್ಸ್ (ಪೇಂಟ್ ತೆಳು ಮಾಡುವ ದ್ರವ), ಫೆರುಲ್‌ಗೆ (ಶಾಫ್ಟ್ ಹೆಡ್‌ಗೆ ಸೇರುವಲ್ಲಿನ ಪ್ಲಾಸ್ಟಿಕ್ ಉಂಗುರಕ್ಕೆ) ಹೊಳಪು ಕೊಡುವ ಅಸಿಟೋನ್, ಇವುಗಳ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಹೋಗುತ್ತದೆ. ಗ್ಯಾರೇಜಿನ ಹೀಟರ್‌ನ ಕಿಡಿ ನೆಲದಿಂದ 18 ಇಂಚು ಮೇಲಿರಬೇಕು ಅಂತ ಅಲ್ಲಿನ ಕಟ್ಟಡ ನಿಯಮಗಳಲ್ಲಿ ಇರೋದು ಇಂಥ ಆವಿಯ ಭಯಕ್ಕೇ. ಹಾಗಂತ ಆ 18 ಇಂಚನ್ನೇ ನಂಬಿ ಕೂರಬೇಡಿ. ಬಾಗಿಲು ತೆರೆದಿಟ್ಟು, ಹೀಟರ್‌ನಿಂದ ಆದಷ್ಟು ದೂರದಲ್ಲಿ ಕೆಲಸ ಮಾಡಿ, ಡಬ್ಬಿಯ ಮುಚ್ಚಳ ಆಗಾಗಲೇ ಹಾಕಿ. ಒದ್ದೆ ಬಟ್ಟೆಯನ್ನು ಕಸದ ಬುಟ್ಟಿಗೆ ತುರುಕದೆ ಹೊರಗೆ ಹರಡಿ ಒಣಗಿಸಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಸಣ್ಣ ಕಂಪ್ರೆಸರ್ ತಂದು ಗಾಳಿಯಿಂದಲೇ ಗ್ರಿಪ್ ಹಾಕಬಹುದು.

ಗ್ರಾಫೈಟ್ ಕತ್ತರಿಸುವಾಗ ಪೈಪ್ ಕಟರ್ ಬೇಡ, ಅದು ಸ್ಟೀಲ್ ಶಾಫ್ಟಿಗೆ. ಗುರುತು ಹಾಕಿದಲ್ಲಿ ಮಾಸ್ಕಿಂಗ್ ಟೇಪ್ ಸುತ್ತಿ, ಉಜ್ಜಿ ಕತ್ತರಿಸುವ ಚಕ್ರ ಬಳಸಿ. ಮೂಗಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಆ ಕಪ್ಪು ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಬ್ರೇಕರ್ ಪ್ಯಾನೆಲ್ ಹತ್ತಿರ ಈ ಕೆಲಸ ಇಟ್ಟುಕೊಳ್ಳಬೇಡಿ.

ಶಾಫ್ಟನ್ನು ಹೆಡ್‌ಗೆ ಅಂಟಿಸುವ ಎಪಾಕ್ಸಿ ಬಗ್ಗೆ ನಿಮ್ಮೂರಿನ ಹವೆ ನೋಡಿಯೇ ಹೇಳಬೇಕು. ಜುಲೈನಲ್ಲಿ ನಿಮ್ಮ ಗ್ಯಾರೇಜ್ ಒಲೆ ಇದ್ದ ಹಾಗೆ. ಕಲಸಿದ ಎಪಾಕ್ಸಿ ಬೇಗ ಬಿಗಿಯುತ್ತದೆ, ಒಂದೆರಡು ಕ್ಲಬ್‌ಗೆ ಆಗುವಷ್ಟೇ ಕಲಸಿ, ಬೆಳಗ್ಗೆ ಬೇಗ ಮುಗಿಸಿ. ಚಳಿಯಲ್ಲಿ ಉಲ್ಟಾ, 70 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಗಟ್ಟಿಯಾಗೋಕೆ ಜಾಸ್ತಿ ಹೊತ್ತು ಬೇಕು. ಜೋಡಿಸಿದ ಕ್ಲಬ್‌ಗಳನ್ನು ಮನೆಯೊಳಗೆ ತಂದು ಒಂದಿಡೀ ದಿನ ಬಿಡಿ. ಆತುರಪಟ್ಟರೆ ಚೆಂಡಿಗಿಂತ ಮುಂದೆ ಹೆಡ್ ಹಾರುತ್ತದೆ!

ನಿಮ್ಮ ಮೆಷಿನ್ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಉದ್ದ ಅಳೆಯುವ ರೂಲರ್, ಗ್ರಾಮ್ ತಕ್ಕಡಿ, ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಅನ್ನೋ ಅಳತೆ) ತಕ್ಕಡಿ, ಈ ಮೂರಿದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಹೆಡ್‌ಗೆ ಸುಮಾರು 2 ಗ್ರಾಂ ಸೇರಿಸಿದರೆ ಸ್ವಿಂಗ್‌ವೇಟ್ ಒಂದು ಪಾಯಿಂಟ್ ಏರುತ್ತದೆ, ಅರ್ಧ ಇಂಚು ಉದ್ದ ಮಾಡಿದರೆ ಹತ್ತಿರ ಹತ್ತಿರ ಮೂರು. ಇದನ್ನು ಕೈಯಾರೆ ಮಾಡಿ ನೋಡಿದರೆ ಅರ್ಥವಾಗುವಷ್ಟು ಫ್ರೀಕ್ವೆನ್ಸಿ ಮೆಷಿನ್ ಪರದೆ ನೋಡಿದರೆ ಆಗಲ್ಲ. ಲಾಫ್ಟ್-ಲೈ ಮೆಷಿನ್ ಬೇಕೇ ಅಂದರೂ ಸ್ವಲ್ಪ ಕಾಯಿರಿ, ಎರಕದ ಐರನ್‌ಗಳನ್ನು (ಚಪ್ಪಟೆ ಲೋಹದ ಹೆಡ್ ಇರುವ ಕ್ಲಬ್‌ಗಳನ್ನು) ತಿಳಿಯದೆ ಬಗ್ಗಿಸಿದರೆ ಕತ್ತೇ ಮುರಿಯುತ್ತದೆ.

ಮೊದಲು ನಿಮ್ಮ ಸೆಟ್ಟಿನ ಗ್ರಿಪ್ ಎಲ್ಲ ನೀವೇ ಬದಲಿಸಿ. ಆಮೇಲೆ ಗ್ಯಾರೇಜ್ ಸೇಲ್‌ನಲ್ಲಿ ಒಂದು ಹಳೇ ಐರನ್ ತಂದು ಶಾಫ್ಟ್ ಬಿಚ್ಚಿ. ಸ್ಟೀಲ್ ಆದರೆ ಬಿಸಿ ಮಾಡಿ ತಿರುಚಿ ತೆಗೆಯಬಹುದು. ಗ್ರಾಫೈಟ್ ತಿರುಚಬಾರದು, ಪುಲ್ಲರ್ ಹಾಕಿ ನೇರವಾಗಿ ಎಳೆಯಬೇಕು. ಹೊಸ ಶಾಫ್ಟ್ ಕೊಳ್ಳುವ ಮುಂಚೆ ತುದಿಯ ಅಳತೆ ನೋಡಿ: ಐರನ್‌ಗಳಲ್ಲಿ 0.355 ಇಂಚಿನ ಟೇಪರ್ (ತುದಿಗೆ ಹೋಗ್ತಾ ಸಣ್ಣಗಾಗುವಂಥದು) ಇರುತ್ತದೆ, 0.370 ಇಂಚಿನ ಪ್ಯಾರಲಲ್ (ತುದಿಯವರೆಗೂ ಒಂದೇ ದಪ್ಪದ್ದು) ಇರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಸುಮ್ನೆ ಕೂರಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದೇನೆ, ಗ್ಯಾರೇಜ್ ಇಲ್ಲ. ಬಾಲ್ಕನಿಯಲ್ಲಿ ಏನಾದರೂ ಮಾಡಬಹುದಾ?

ಉತ್ತರ: ಗ್ರಿಪ್ ಹಾಕಬಹುದು. ಪೇಂಟ್ ಅಂಗಡಿಯ ಟರ್ಪೆಂಟೈನ್, ಎರಡೂ ಕಡೆ ಅಂಟುವ ಟೇಪ್, ಚೂಪಾದ ಕೊಕ್ಕೆ ಬ್ಲೇಡ್, ಕೆಳಗೊಂದು ತಟ್ಟೆ ಇದ್ದರೆ ಆಯಿತು. ಗ್ರಾಫೈಟ್ ಕತ್ತರಿಸೋದು ಮಾತ್ರ ಬೇಡ, ಪುಡಿಯೆಲ್ಲ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಬೀಳುತ್ತದೆ.