ಆ ಪುಸ್ತಕ ಸೈಮನ್‌ನದು

ಪ್ರಶ್ನೆ: ಕಸಾಂಡ್ರಾ ಕ್ಲೇರ್ ಬರೆದ ‘ಸಿಟಿ ಆಫ್ ಬೋನ್ಸ್’ ಅನ್ನುವ ಮಾಯಾಲೋಕದ ಕಾದಂಬರಿ ಮಗಳು ಕೊಟ್ಟಳು ಅಂತ ಓದಿದೆ, ಹಿಡಿಸಿತು. ಅದೇ ಖುಷಿಯಲ್ಲಿ ಮುಂದಿನ ಭಾಗ ‘ಸಿಟಿ ಆಫ್ ಆ್ಯಶಸ್’ ಕೈಗೆತ್ತಿಕೊಂಡೆ. ಬೇಸರವಾಯಿತು. ನಾಯಕಿ ಕ್ಲೇರಿ ಮತ್ತು ಅವಳು ಮನಸೋತ ಜೇಸ್ ತಾವು ಅಣ್ಣ ತಂಗಿ ಅಂತ ತಿಳಿದ ಮೇಲೂ ಇಡೀ ಪುಸ್ತಕ ಒಬ್ಬರಿಗೊಬ್ಬರು ಹಂಬಲಿಸುತ್ತಾರೆ. ಕೊನೆಗೂ ಏನೂ ತೀರ್ಮಾನ ಆಗಲ್ಲ. ಮೂರನೇ ಪುಸ್ತಕ ಕೊಳ್ಳಲಿ ಅಂತ ಎಳೆದ ಹಾಗಿದೆ. ಪಿಯುಸಿ ಓದುವ ಮಗಳಿಗೆ ಇದರಲ್ಲಿ ಏನು ಇಷ್ಟವಾಯಿತೋ! ನೀವು ಓದಿದ್ದೀರಾ?

ಉತ್ತರ: ಓದಿದ್ದೇನೆ, ಎರಡು ಸಲ. ನಿಮ್ಮ ದೂರಿನಲ್ಲಿ ಅರ್ಧ ನನ್ನದೂ ಹೌದು. 2007ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ನ್ಯೂಯಾರ್ಕ್ ಊರೇ ಒಂದು ಪಾತ್ರವಾಗಿತ್ತು. ಪಾಳು ಚರ್ಚಿನ ಹಾಗೆ ಕಾಣುವ ಕಟ್ಟಡದೊಳಗೆ ರಾಕ್ಷಸರನ್ನು ಬೇಟೆಯಾಡುವವರ ಮನೆ, ಹಾಳುಬಿದ್ದ ಹೋಟೆಲಿನಲ್ಲಿ ರಕ್ತಪಿಶಾಚಿಗಳು. ಮುಂದಿನ ವರ್ಷವೇ ಬಂದ ಈ ಎರಡನೆಯದರಲ್ಲಿ ಆ ಬೆರಗು ಕಡಿಮೆ, ಕಣ್ಣೀರು ಜಾಸ್ತಿ. ಯಕ್ಷಿಣಿಯರ ರಾಣಿಯ ಆಸ್ಥಾನದಲ್ಲಿ ಕ್ಲೇರಿ ಸಿಕ್ಕಿಬೀಳುತ್ತಾಳೆ. ಅವಳ ಮನಸ್ಸು ಎಲ್ಲಕ್ಕಿಂತ ಹೆಚ್ಚು ಬಯಸುವ ಮುತ್ತು ಸಿಕ್ಕರೆ ಮಾತ್ರ ಬಿಡುಗಡೆ ಅಂತ ರಾಣಿ ಷರತ್ತು ಹಾಕುತ್ತಾಳಲ್ಲ, ಅದು ಆ ಇಬ್ಬರನ್ನು ಹತ್ತಿರ ತರಲೆಂದೇ ಹೆಣೆದದ್ದು ಅಂತ ಎದ್ದು ಕಾಣುತ್ತದೆ.

ಆದರೆ ಆ ಹೊತ್ತಿನಲ್ಲಿ ಅಲ್ಲಿ ಇನ್ನೊಬ್ಬ ನಿಂತಿದ್ದಾನೆ ನೋಡಿ. ಸೈಮನ್. ಚಿಕ್ಕಂದಿನಿಂದ ಅವಳ ಗೆಳೆಯ, ಆಗಷ್ಟೇ ಪ್ರಿಯಕರನಾದವನು. ಜೇಸ್ ಅವಳಿಗೆ ಮುತ್ತಿಡುವುದನ್ನು ಅವನು ಸುಮ್ನೆ ನೋಡಬೇಕಾಗುತ್ತದೆ. ಮನಸ್ಸು ಮುರಿದು ಹೊರಟವನು ಅದೇ ಹಾಳು ಹೋಟೆಲಿಗೆ ಹೋಗುತ್ತಾನೆ. ಯಾಕೆ ಅಲ್ಲಿಗೇ? ಮೊದಲ ಪುಸ್ತಕದಲ್ಲಿ ಅವನು ಮಾಟದಿಂದ ಇಲಿಯಾಗಿ ಅಲ್ಲಿ ಸಿಕ್ಕಿಕೊಂಡಿದ್ದು ನೆನಪಿದೆ ಅಲ್ವಾ? ಓದುವಾಗ ನಕ್ಕು ಮುಂದೆ ಹೋಗುವ ಪ್ರಸಂಗ ಅದು. ಆ ಇಲಿ ರಫೇಲ್ ಅನ್ನುವ ರಕ್ತಪಿಶಾಚಿಯನ್ನು ಕಚ್ಚಿತ್ತು. ಬಾಯಿಗೆ ಹೋದ ಅಷ್ಟು ರಕ್ತವೇ ಅವನನ್ನು ಒಳಗಿನಿಂದ ಎಳೆಯುತ್ತಿರುತ್ತದೆ. ಅಲ್ಲಿ ನಗಿಸಿದ ಸಂಗತಿಗೆ ಇಲ್ಲಿ ಒಬ್ಬ ಹುಡುಗನ ಜೀವವೇ ಹೋಗುತ್ತದೆ.

ಆಮೇಲಿನ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ರಫೇಲ್ ಅವನ ದೇಹವನ್ನು ಎತ್ತಿಕೊಂಡು ಬಂದು ಮುಂದೆ ನಿಲ್ಲುತ್ತಾನೆ. ಕ್ಲೇರಿಗೆ ಎರಡೇ ದಾರಿ: ಅವನು ಮತ್ತೆ ಏಳದ ಹಾಗೆ ಈಗಲೇ ಮುಗಿಸಿಬಿಡಬೇಕು, ಇಲ್ಲವೇ ಮಣ್ಣು ಮಾಡಿ ಪಿಶಾಚಿಯಾಗಿ ಏಳುವುದನ್ನು ಕಾಯಬೇಕು. ಸೈಮನ್ ಯೆಹೂದಿ, ಹಾಗಾಗಿ ಕ್ವೀನ್ಸ್‌ನಲ್ಲಿರುವ ಯೆಹೂದಿಗಳ ಸ್ಮಶಾನಕ್ಕೇ ಒಯ್ಯುತ್ತಾರೆ. ರಾತ್ರಿ ಗುಂಡಿ ತೋಡಿ ಹೂಳುತ್ತಾರೆ. ಮಣ್ಣು ಅಲುಗುತ್ತದೆ, ಒಳಗಿನಿಂದ ಕೈ ಮೇಲೆ ಬರುತ್ತದೆ. ಬಂದವನಿಗೆ ಎದುರಿಗಿರುವ ಗೆಳತಿಯಲ್ಲ, ಹಸಿವು ಮುಖ್ಯ. ಅವನ ಜಾಗದಲ್ಲಿ ನಿಂತು ಯಾರೋ ತೀರ್ಮಾನ ಮಾಡಿಬಿಟ್ಟರಲ್ಲ, ಅವನನ್ನು ಕೇಳಲೇ ಇಲ್ಲವಲ್ಲ ಅಂತ ನನಗೆ ಸಂಕಟವಾಯಿತು. ಪಿಶಾಚಿಯಾದ ಮೇಲೆ ದೇವರ ಹೆಸರು ಹೇಳಲು ಹೋದರೆ ಗಂಟಲು ಕಟ್ಟುವ ಹುಡುಗ, ಮನೆಯಲ್ಲಿ ಅಮ್ಮನಿಗೆ ಏನಂತ ಹೇಳಬೇಕು? ನಿಮ್ಮ ಮಗಳ ವಯಸ್ಸಿನವರಿಗೆ ಈ ಪ್ರಶ್ನೆ ತುಂಬ ಹತ್ತಿರದ್ದು. ಮೈ ಮನಸ್ಸು ಬದಲಾಗುತ್ತಿರುತ್ತದೆ, ಮನೆಯಲ್ಲಿ ಹೇಳಲು ಮಾತು ಸಿಗುವುದಿಲ್ಲ.

ಕೊನೆಯಲ್ಲಿ ಖಳನಾಯಕ ವ್ಯಾಲೆಂಟೈನ್‌ನ ಹಡಗಿನ ಮೇಲಿನ ಕಾಳಗ ನನಗೂ ಉದ್ದವೆನಿಸಿತು. ಕ್ಲೇರಿ ಬರೆದ ಒಂದು ಮಾಂತ್ರಿಕ ಚಿಹ್ನೆಗೆ ಇಡೀ ಹಡಗಿನ ಮೊಳೆ ಮೊಳೆಯೂ ಕಳಚಿಕೊಳ್ಳುವುದು ನೋಡಲು ಚೆಂದ, ಆದರೆ ಆ ಶಕ್ತಿ ಬೇಕಾದ ಗಳಿಗೆಗೆ ಸರಿಯಾಗಿ ಒದಗಿಬರುತ್ತದೆ. ಅಲ್ಲೂ ನನ್ನ ಕಣ್ಣು ಸೈಮನ್ ಮೇಲೇ. ಸಾಯುತ್ತಿದ್ದವನಿಗೆ ಜೇಸ್ ತನ್ನ ರಕ್ತ ಕುಡಿಸುತ್ತಾನೆ. ಬೆಳಗಾದಾಗ, ಬೇರೆ ಪಿಶಾಚಿಗಳನ್ನು ಸುಡುವ ಬಿಸಿಲು ಅವನನ್ನು ಸುಡುವುದಿಲ್ಲ.

ಇನ್ನು ತೀರ್ಮಾನದ ಮಾತು. ಆಸ್ಪತ್ರೆಯಲ್ಲಿ ಮೆಡಲೀನ್ ಅನ್ನುವ ಹೆಂಗಸು ಬಂದು, ಪ್ರಜ್ಞೆಯಿಲ್ಲದೆ ಮಲಗಿರುವ ಕ್ಲೇರಿಯ ಅಮ್ಮನನ್ನು ಎಬ್ಬಿಸುವುದು ತನಗೆ ಗೊತ್ತು ಅನ್ನುವಲ್ಲಿಗೆ ನಿಲ್ಲಿಸಿದ್ದು ಓದುಗರನ್ನು ಕಾಯಿಸುವುದಕ್ಕೇ, ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು, ಇನ್ನು ಮೇಲೆ ನಿನಗೆ ಅಣ್ಣನಾಗಿಯಷ್ಟೇ ಇರುತ್ತೇನೆ ಅಂತ ಜೇಸ್ ತಾನಾಗಿಯೇ ಹೇಳುತ್ತಾನೆ. ಅವಳು ಬೇರೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ. ಅದೂ ತೀರ್ಮಾನವೇ ಅಲ್ವಾ?

ಅವರು ನಿಜಕ್ಕೂ ಅಣ್ಣ ತಂಗಿಯೋ ಅನ್ನುವುದನ್ನು ನಾನು ಹೇಳುವುದಿಲ್ಲ. ಅಷ್ಟು ಹೊತ್ತು ಜೇಸ್‌ನನ್ನು ಗೋಳುಹೊಯ್ದುಕೊಂಡ ವಿಚಾರಣಾಧಿಕಾರಿ ಇಮೋಜೆನ್, ಅವನ ಭುಜದ ಮೇಲಿನ ನಕ್ಷತ್ರದಂಥ ಗುರುತು ಕಂಡದ್ದೇ ಅಡ್ಡ ಬಂದು ಅವನಿಗಾಗಿ ಪ್ರಾಣ ಕೊಡುತ್ತಾಳಲ್ಲ, ಆ ಪುಟ ತೆಗೆದು ಮಗಳ ಜೊತೆ ಕೂತು ಮಾತಾಡಿ. ಮೂರನೇ ಪುಸ್ತಕ, 2009ರ ‘ಸಿಟಿ ಆಫ್ ಗ್ಲಾಸ್’ ಅವಳ ಹತ್ತಿರ ಆಗಲೇ ಇರಬಹುದು, ಕೇಳಿ ನೋಡಿ.