ನರಿಯೆಂದರೆ ಮೋಸಗಾರನೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಪಂಚತಂತ್ರದ ಕಥೆ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, "ಅಕ್ಕೋರೆ, ನರಿ ಯಾವಾಗಲೂ ಮೋಸಾನ ಮಾಡತದೇನ್ರಿ?" ಎಂದು ಕೇಳಿದನು. ಮಕ್ಕಳ ಕಥೆಗಳಲ್ಲಿ ನರಿ ವಂಚಕ, ಕತ್ತೆ ದಡ್ಡ, ತೋಳ ಕ್ರೂರಿ ಎಂದೇ ಬರುತ್ತದೆ. ಇವುಗಳನ್ನು ಹೇಳಿದರೆ ನಮ್ಮ ಭಾಗದ ಕುರಿಗಾಹಿಗಳ ಮಕ್ಕಳಲ್ಲಿ ಪ್ರಾಣಿಗಳ ಮೇಲೆ ದ್ವೇಷ ಬೆಳೆಯುವುದಿಲ್ಲವೇ?
— ಓದುಗರೊಬ್ಬರು, ಬೀಳಗಿ

ಉತ್ತರ: ಆ ಹುಡುಗನ ಪ್ರಶ್ನೆಗೆ ಉತ್ತರ ಪಂಚತಂತ್ರದ ಮೊದಲ ತಂತ್ರದಲ್ಲಿಯೇ, ಅಂದರೆ ಮೊದಲ ಭಾಗದಲ್ಲಿಯೇ ಇದೆ, ಏಕೆಂದರೆ ಅಲ್ಲಿರುವುದು ಒಂದು ನರಿಯಲ್ಲ, ಎರಡು. ಸಂಜೀವಕನೆಂಬ ಎತ್ತಿನ ಗುಟುರಿಗೆ ಬೆದರಿದ ಪಿಂಗಳಕನೆಂಬ ಸಿಂಹಕ್ಕೆ ಧೈರ್ಯ ಹೇಳಿ, ಅವರಿಬ್ಬರಿಗೂ ಸ್ನೇಹ ಮಾಡಿಸಿದ ದಮನಕನೇ, ಆ ಸ್ನೇಹದಿಂದ ತನ್ನ ಸ್ಥಾನಕ್ಕೆ ಕುಂದು ಬಂದಾಗ ಇಬ್ಬರ ಕಿವಿಯಲ್ಲೂ ಚಾಡಿ ಊದಿ, ಎತ್ತಿನ ಸಾವಿಗೆ ಕಾರಣನಾಗುತ್ತಾನೆ. ಅವನ ಜೊತೆಗಾರ ಕರಟಕನೂ ನರಿಯೇ. ಆದರೆ ತನಗೆ ಸಂಬಂಧವಿಲ್ಲದ ಕೆಲಸಕ್ಕೆ ಕೈಹಾಕಬೇಡವೆಂದು ತಡೆಯುವವನು ಅವನು. ಸೀಳಿದ ಮರದ ಬೆಣೆ ಕಿತ್ತು ಪ್ರಾಣ ಕಳೆದುಕೊಂಡ ಕೋತಿಯ ಕಥೆ ನಿಮ್ಮ ಮಕ್ಕಳಿಗೆ ಗೊತ್ತಿರಬಹುದು. ಆ ಕಥೆಯನ್ನು ಎಚ್ಚರಿಕೆಯ ಮಾತಾಗಿ ಹೇಳುವವನು ಇದೇ ಕರಟಕ. ಪಠ್ಯಕ್ಕಾಗಿ ಕಥೆಯನ್ನು ಅರ್ಧ ಪುಟಕ್ಕೆ ಇಳಿಸುವಾಗ ಮೊದಲು ಬಿದ್ದುಹೋಗುವವನೂ ಅವನೇ ಆದ್ದರಿಂದ ಉಳಿದದ್ದು ಮೋಸಗಾರ ನರಿಯೊಂದೇ. ದೋಷವಿರುವುದು ಹಳೆಯ ಕಥೆಯಲ್ಲಲ್ಲ, ನಾವು ಅದನ್ನು ಕತ್ತರಿಸಿ ಹೇಳುವ ರೀತಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಪ್ರಾಣಿಗಳು ಮೂಲದಲ್ಲಿ ಅರಮನೆಯ ಪರಿವಾರವೆಂಬುದನ್ನೂ ನೆನಪಿಡಬೇಕು. ವಿಷ್ಣುಶರ್ಮನು ಇವುಗಳನ್ನು ಹೇಳಿದ್ದು ಓದಿನಲ್ಲಿ ಆಸಕ್ತಿಯಿಲ್ಲದ ರಾಜಕುಮಾರರಿಗೆ ರಾಜನೀತಿ ಕಲಿಸಲೆಂದು. 11ನೇ ಶತಮಾನದಲ್ಲಿ, ವಿಷ್ಣುಶರ್ಮನದನ್ನು ಬಿಟ್ಟು ವಸುಭಾಗಭಟ್ಟನೆಂಬವನ ಪಂಚತಂತ್ರದ ರೂಪವನ್ನು ಅನುಸರಿಸಿ, ಆ ಕಥೆಗಳನ್ನು ಗದ್ಯ ಪದ್ಯಗಳು ಬೆರೆತ ಕನ್ನಡ ಚಂಪೂಕಾವ್ಯಕ್ಕೆ ತಂದ ದುರ್ಗಸಿಂಹನು ಸ್ವತಃ ಚಾಲುಕ್ಯ ದೊರೆ ಜಯಸಿಂಹನ ಸಂಧಿವಿಗ್ರಹಿ, ಎಂದರೆ ಯುದ್ಧ ಮತ್ತು ಸಂಧಿಗಳ ಮಂತ್ರಿಯಾಗಿದ್ದನು. ಅಂದರೆ ಚಾಡಿಕೋರ ಮಂತ್ರಿಗಳ ನಡುವೆಯೇ ಬದುಕಿದವನು. ನರಿಯ ಮುಖವಾಡದ ಹಿಂದೆ ಅವನು ಕಂಡದ್ದು ಮನುಷ್ಯನನ್ನು. ಅವನಿಗಿಂತ ಮೊದಲೇ, 8ನೇ ಶತಮಾನದಲ್ಲಿ, ನಿಮ್ಮದೇ ಜಿಲ್ಲೆಯ ಪಟ್ಟದಕಲ್ಲಿನ ದೇಗುಲದ ಕಲ್ಲಿನಲ್ಲಿ ಪಂಚತಂತ್ರದ ಕಥೆಗಳು ಮೂಡಿವೆ. ಶಾಲೆಯ ಪ್ರವಾಸವನ್ನು ಅಲ್ಲಿಗೇ ಇಟ್ಟುಕೊಂಡು, ಕಥೆಯ ಪ್ರಾಣಿಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಕತ್ತೆಯ ವಿಷಯ ಸರಳ: ಹುಲಿಯ ಚರ್ಮವನ್ನು ಅದರ ಮೈಗೆ ಹೊದಿಸಿ, ಪರರ ಹೊಲದಲ್ಲಿ ಮೇಯಲು ಬಿಟ್ಟವನು ಅದರ ಒಡೆಯ, ಪೆಟ್ಟು ತಿಂದು ಸತ್ತದ್ದು ಮಾತ್ರ ಕತ್ತೆ. ಹಾಗೆಯೇ "ತೋಳ ಬಂತು ತೋಳ" ಎಂದು ಕೂಗಿದ ಹುಡುಗನ ಕಥೆಯಲ್ಲಿ ತೋಳ ಹಸಿವಿಗೆ ತಕ್ಕಂತೆ ನಡೆದುಕೊಂಡಿತೇ ಹೊರತು ಯಾರನ್ನೂ ವಂಚಿಸಲಿಲ್ಲ. "ಇಲ್ಲಿ ಸುಳ್ಳು ಹೇಳಿದವರು ಯಾರು?" ಎಂದು ಕೇಳಿದರೆ ಸಾಕು, ಮೂರನೆಯ ತರಗತಿಯ ಮಗುವೂ ಸರಿಯಾದ ಉತ್ತರ ಕೊಡುತ್ತದೆ.

ಆದರೂ ನಿಮ್ಮ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಹಟ್ಟಿಯ ಕುರಿ ತೋಳದ ಪಾಲಾದ ಮನೆಯ ಮಗುವಿಗೆ ತೋಳದ ಭಯವನ್ನು ಕಥೆ ಕಲಿಸಬೇಕಾಗಿಲ್ಲ, ಆ ನಷ್ಟ ನಿಜವಾದದ್ದು. ಅದನ್ನು ಒಪ್ಪಿಕೊಂಡೇ, ಕಥೆ ಮುಗಿದ ಮೇಲೆ ಜೀವಂತ ಪ್ರಾಣಿಯ ಬಗ್ಗೆ ಹತ್ತು ನಿಮಿಷ ಮಾತನಾಡಿ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಕುರುಚಲು ಗುಡ್ಡಗಳಲ್ಲಿ ಚಿಂಕಾರವೆಂಬ ಹುಲ್ಲೆಗಳ ಜೊತೆಗೆ ತೋಳ, ನರಿಗಳೂ ಇವೆ. ನರಿಗಳು ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ, ಮರಿಗಳನ್ನು ಎರಡೂ ಸೇರಿ ಸಾಕುತ್ತವೆ, ಕೆಲವೊಮ್ಮೆ ಹಿಂದಿನ ಸೂಲಿನ ಮರಿಗಳೂ ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತವೆ. ಹೊಲದ ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಪ್ರಾಣಿಯೂ ಅದೇ. ಇಷ್ಟನ್ನು ಕೇಳಿದ ಹುಡುಗನಿಗೆ ದಮನಕ ಬೇರೆ, ಗುಡ್ಡದ ನರಿ ಬೇರೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ಪುಣ್ಯಕೋಟಿಯ ಕಥೆಯಲ್ಲಿ ಹುಲಿ ಸಾಯುವುದನ್ನು ಕೇಳಿ ನನ್ನ ಮೊಮ್ಮಗಳು ಅಳುತ್ತಾಳೆ. ಹುಲಿ ಕಾಡಿಗೆ ಹೊರಟುಹೋಯಿತೆಂದು ಬದಲಿಸಿ ಹೇಳಬಹುದೇ?
— ಓದುಗರೊಬ್ಬರು, ಇಂಡಿ

ಉತ್ತರ: ದಯವಿಟ್ಟು ಬದಲಿಸಬೇಡಿ. ಪುಣ್ಯಕೋಟಿ ಕಥೆಯ ಆರಂಭದಲ್ಲಿ ಹೇಗಿದ್ದಳೋ ಕೊನೆಯಲ್ಲಿಯೂ ಹಾಗೆಯೇ ಇರುತ್ತಾಳೆ. ಮನಸ್ಸು ಬದಲಾಗುವುದು ಅರ್ಬುತನೆಂಬ ಹುಲಿಯದು ಮಾತ್ರ. ಹಸಿದಿದ್ದರೂ ನಂಬಿ ಕಳುಹಿಸಿಕೊಟ್ಟು, ಕೊಟ್ಟ ಮಾತಿನಂತೆ ಮರಳಿ ಬಂದ ಹಸುವನ್ನು ಕಂಡು ನಾಚಿ ಪ್ರಾಣ ಬಿಡುವ ಆ ಹುಲಿಯ ದುಃಖವನ್ನು ತೆಗೆದುಹಾಕಿದರೆ, ಅದು ಬೇಟೆ ತಪ್ಪಿಸಿಕೊಂಡ ಹುಲಿಯ ಕಥೆಯಾಗಿಬಿಡುತ್ತದೆ. ಮಗು ಅಳುತ್ತಿರುವುದು ಹುಲಿಗಾಗಿ. ತೊಡೆಯ ಮೇಲೆ ಕೂರಿಸಿಕೊಂಡು, ಹುಲಿಗೆ ಏಕೆ ಹಾಗನ್ನಿಸಿತೆಂದು ಅವಳನ್ನೇ ಕೇಳಿ. ತೀರಾ ಚಿಕ್ಕವಳಾಗಿದ್ದರೆ ಕಥೆಯನ್ನು ಎರಡು ವರ್ಷ ತಡೆದು ಹೇಳಿದರೂ ಆದೀತು.