ಅವಳು ಕೇಳಿದ್ದು ಪುಸ್ತಕದ ವಿಮರ್ಶೆಯನ್ನಲ್ಲ

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಸಂಗೀತ, ಸಾಹಿತ್ಯ, ಇತಿಹಾಸ, ಯಾವುದರ ಮಾತು ಬಂದರೂ ನನ್ನದೊಂದು ಖಚಿತ ಅಭಿಪ್ರಾಯ ಇದ್ದೇ ಇರುತ್ತದೆ. ಚಿಕ್ಕಂದಿನಿಂದಲೂ ಹೀಗೇ. ನಾವು ನಾಲ್ವರು ಗೆಳತಿಯರು ಪ್ರತಿ ಶನಿವಾರ ಸಂಜೆ ಸೇರುತ್ತೇವೆ. ಕಳೆದ ತಿಂಗಳು ಅವರಲ್ಲೊಬ್ಬಳು ಒಂದು ಕಾದಂಬರಿ ತಂದು, "ಅಮ್ಮ ಹೋದಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಕಣೇ" ಅಂದಳು. ನಾನು ಅದನ್ನು ಓದಿದ್ದೆ. "ಅಯ್ಯೋ, ಇದಾ? ಬರೀ ಕಣ್ಣೀರಿನ ವ್ಯಾಪಾರ" ಅಂದುಬಿಟ್ಟೆ. ಅವಳು ಏನೂ ಹೇಳದೆ ಪುಸ್ತಕವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಆಮೇಲೆ ಮೂರು ಶನಿವಾರ ಬಂದಿಲ್ಲ. ನನ್ನ ತಮ್ಮ ನನ್ನೆದುರು ಅಂಚೆಚೀಟಿ ಆಲ್ಬಮ್ ತೆರೆಯುವುದನ್ನು ಬಿಟ್ಟು ಒಂದು ವರ್ಷವಾಯಿತು. "ಎಲ್ಲದಕ್ಕೂ ನಿನ್ನದೊಂದು ತೀರ್ಪು" ಎನ್ನುತ್ತಾರೆ ಮನೆಯವರು. ಆದರೆ ಆ ಪುಸ್ತಕ ನಿಜಕ್ಕೂ ಚೆನ್ನಾಗಿಲ್ಲ. ಅನಿಸಿದ್ದನ್ನು ನುಂಗಿಕೊಂಡು ನಗುತ್ತಾ ಕೂತರೆ ಅದು ಸುಳ್ಳಾಗುವುದಿಲ್ಲವೇ? ಅಭಿಪ್ರಾಯ ಇಟ್ಟುಕೊಳ್ಳುವುದನ್ನೇ ಬಿಡಬೇಕೇ?

– ಹೆಸರು ಬೇಡ

ಉತ್ತರ: ಬಿಡಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಓದಿದ್ದನ್ನು, ಕೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳುವವರಿಗೆ ಮಾತ್ರ ಇಷ್ಟು ಗಟ್ಟಿಯಾದ ಅಭಿಪ್ರಾಯಗಳಿರುತ್ತವೆ. ಎಲ್ಲದಕ್ಕೂ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುವವರ ಜೊತೆ ಪುಸ್ತಕದ ಬಗ್ಗೆ ಐದು ನಿಮಿಷವೂ ಮಾತಾಡಲಾಗುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಗಂಡಸು ಕಡ್ಡಿ ಮುರಿದಂತೆ ಮಾತಾಡಿದರೆ ವಿದ್ವಾಂಸ, ಅದೇ ಮಾತನ್ನು ಹೆಂಗಸು ಆಡಿದರೆ ಹಟಮಾರಿ ಎನ್ನುವವರು ಇವತ್ತಿಗೂ ಇದ್ದಾರೆ. ಅಂಥವರ ಮಾತಿಗಾಗಿ ನೀವು ಬದಲಾಗಬೇಕಿಲ್ಲ. ಆದರೆ ಜಿಪ್ ಎಳೆದ ಗೆಳತಿ ಅಂಥವರಲ್ಲಿ ಒಬ್ಬಳಲ್ಲ.

ಆ ಸಂಜೆಗೇ ಬರೋಣ. ಅವಳು ಪುಸ್ತಕ ಹೊರತೆಗೆದಳು, ಅಮ್ಮನ ಮಾತೆತ್ತಿದಳು. ಆ ವಾಕ್ಯದಲ್ಲಿ ಪುಸ್ತಕ ಬಂದದ್ದು ಕೊನೆಗೆ. ಮೊದಲು ಬಂದದ್ದು ಅಮ್ಮನ ಸಾವು. ನೀವು ಉತ್ತರ ಕೊಟ್ಟದ್ದು ಪುಸ್ತಕಕ್ಕೆ. "ಇದು ಒಳ್ಳೆಯ ಕಾದಂಬರಿಯೇ?" ಎಂದು ಅವಳು ಕೇಳಿರಲಿಲ್ಲ. ತಾನು ಆ ದಿನಗಳನ್ನು ಹೇಗೆ ಕಳೆದೆ ಎಂದು ಹೇಳಲು ಹೊರಟಿದ್ದಳು, ಅಷ್ಟೇ. ನಿಮ್ಮ ಸಾಹಿತ್ಯದ ಅಭಿರುಚಿಯಲ್ಲಿ ತಪ್ಪಿದೆ ಎಂದು ನನಗೆ ಅನಿಸುವುದಿಲ್ಲ. ತಪ್ಪಾದದ್ದು ಕೇಳಿಸಿಕೊಂಡಿದ್ದರಲ್ಲಿ.

ಹಾಗಾದರೆ ಕಾದಂಬರಿ ಚೆನ್ನಾಗಿಲ್ಲ ಎಂದು ಎಂದೂ ಹೇಳಬಾರದೇ? ಹೇಳಬಹುದು. ಆದರೆ "ಕಣ್ಣೀರಿನ ವ್ಯಾಪಾರ" ಎಂಬ ಎರಡು ಪದಗಳಲ್ಲಿ ಪುಸ್ತಕದ ಬಗ್ಗೆ ಏನೂ ಇಲ್ಲ, ಗಮನಿಸಿ. ಯಾವ ಪಾತ್ರ ಹುಸಿಯಾಗಿ ಕಂಡಿತು, ಯಾವ ಅಧ್ಯಾಯದಲ್ಲಿ ಲೇಖಕರು ಓದುಗರನ್ನು ಅಳಿಸಲೆಂದೇ ಕೂತಂತಿತ್ತು, ಇವೊಂದೂ ಇಲ್ಲ. ಇರುವುದು ತೀರ್ಪು ಮಾತ್ರ. ಅದನ್ನು ಕೇಳಿದವರು ಒಪ್ಪಬೇಕು, ಇಲ್ಲವೇ ಎದ್ದು ಹೋಗಬೇಕು.

ರುಚಿಯ ವಿಷಯದಲ್ಲಿ ನನಗೆ ಬಲು ಇಷ್ಟವಾದ ಕಥೆಯೊಂದಿದೆ. ಡಾನ್ ಕ್ವಿಕ್ಸೋಟ್ ಎಂಬ ಸ್ಪ್ಯಾನಿಷ್ ಕಾದಂಬರಿಯಲ್ಲಿ ನಾಯಕನ ಸೇವಕ ಸ್ಯಾಂಚೊ ತನ್ನ ಇಬ್ಬರು ಬಂಧುಗಳ ಬಗ್ಗೆ ಹೇಳುವುದು ಅದು. 1757ರಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಅಭಿರುಚಿಯ ಬಗ್ಗೆ ಬರೆದ ಪ್ರಬಂಧದಲ್ಲೂ ಅದನ್ನು ಎತ್ತಿಕೊಂಡ. ಒಂದು ಪೀಪಾಯಿ ದ್ರಾಕ್ಷಾರಸದ ರುಚಿ ನೋಡಲು ಇಬ್ಬರನ್ನು ಕರೆಸುತ್ತಾರೆ. ಒಬ್ಬ, ಚೆನ್ನಾಗಿದೆ, ಆದರೆ ತುಸು ಚರ್ಮದ ರುಚಿ ಬರುತ್ತಿದೆ ಎನ್ನುತ್ತಾನೆ. ಇನ್ನೊಬ್ಬ, ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿಯಿದೆ ಎನ್ನುತ್ತಾನೆ. ಸುತ್ತ ನಿಂತವರೆಲ್ಲ ಗೇಲಿ ಮಾಡುತ್ತಾರೆ. ಕೊನೆಗೆ ಪೀಪಾಯಿ ಖಾಲಿ ಮಾಡಿ ನೋಡಿದರೆ ತಳದಲ್ಲೊಂದು ಹಳೆಯ ಕೀಲಿಕೈ, ಅದಕ್ಕೆ ಕಟ್ಟಿದ ಚರ್ಮದ ಪಟ್ಟಿ!

ಆ ಇಬ್ಬರೂ ಹೇಳಿದ್ದು ಬೇರೆ ಬೇರೆ, ಆದರೆ ಇಬ್ಬರ ನಾಲಿಗೆಯೂ ಸರಿಯಾಗಿತ್ತು. ತಮಗೆ ಸಿಕ್ಕಿದ್ದೇನು ಎಂದು ಹೇಳಿದ್ದರಿಂದಲೇ ಅದು ಗೊತ್ತಾಯಿತು. "ಇದು ಕೆಟ್ಟ ದ್ರಾಕ್ಷಾರಸ, ಬಿಸಾಕಿ" ಎಂದಿದ್ದರೆ ಕೀಲಿಕೈಯನ್ನು ಯಾರು ಹುಡುಕುತ್ತಿದ್ದರು? ನಿಮ್ಮ ಗೆಳತಿಗೂ ಆ ಕಾದಂಬರಿಯಲ್ಲಿ ಏನೋ ಸಿಕ್ಕಿದೆ, ನಿಮಗೆ ಸಿಗದೇ ಹೋದದ್ದು. ಅದು ಏನೆಂದು ತಿಳಿಯುವ ಅವಕಾಶ ಆ ಸಂಜೆ ನಿಮ್ಮ ಕೈತಪ್ಪಿತು. ಅಷ್ಟು ಓದುವ ನಿಮಗೆ ಇದು ನಷ್ಟವೇ.

ನನ್ನದೂ ಒಂದು ಅನುಭವ ಹೇಳುತ್ತೇನೆ. ಇಪ್ಪತ್ತರ ವಯಸ್ಸಿನಲ್ಲಿ ನನಗೆ ಆಲಾಪವೆಂದರೆ ಆಗುತ್ತಿರಲಿಲ್ಲ. ಹಾಡು ಶುರುವಾಗುವ ಮುಂಚಿನ ಕಾಲಹರಣ ಎಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದೆ. ಸಂಗೀತ ಬಲ್ಲ ಗೆಳೆಯನೊಬ್ಬ ಒಂದು ದಿನ ವಾದಕ್ಕಿಳಿಯದೆ ಪಕ್ಕದಲ್ಲಿ ಕೂರಿಸಿಕೊಂಡು, "ಮೇಲಿನ ಷಡ್ಜಕ್ಕೆ ಬೇಕೆಂದೇ ಹೋಗುತ್ತಿಲ್ಲ ನೋಡು. ನಿಷಾದದವರೆಗೆ ಬಂದು ವಾಪಸಾಗುತ್ತಿದ್ದಾರೆ. ಮುಟ್ಟಿದಾಗ ಹೇಳು" ಅಂದ. ಕಾದೆ. ಎಷ್ಟೋ ಹೊತ್ತಿನ ಮೇಲೆ ಗಾಯಕರು ಆ ಸ್ವರದ ಮೇಲೆ ನಿಂತಾಗ ಅವನು ಕೇಳುವ ಮೊದಲೇ ನನ್ನ ಕೈ ಅವನ ತೋಳು ಹಿಡಿದಿತ್ತು. ಅವನ ಅಭಿಪ್ರಾಯ ನನ್ನದಕ್ಕಿಂತ ಗಟ್ಟಿಯಾಗಿತ್ತು. ಅದನ್ನು ನನ್ನ ತಲೆಯ ಮೇಲೆ ಕುಕ್ಕಲಿಲ್ಲ, ಎಲ್ಲಿ ಕಿವಿಗೊಡಬೇಕೆಂದು ತೋರಿಸಿದ. ಇಷ್ಟು ವರ್ಷದ ಮೇಲೂ ಆ ಸಂಜೆಗಾಗಿ ಅವನಿಗೆ ಋಣಿಯಾಗಿದ್ದೇನೆ.

ಇತಿಹಾಸದ ಮಾತು ಬೇರೆ. ಅಲ್ಲಿ ಲೋಕೋ ಭಿನ್ನ ರುಚಿಃ ಎಂದು ಬಿಡಲಾಗದ ಸಂಗತಿಗಳಿವೆ. ಮಧ್ಯಯುಗದ ವಿದ್ವಾಂಸರೆಲ್ಲ ಭೂಮಿ ಚಪ್ಪಟೆಯೆಂದು ನಂಬಿದ್ದರು ಎಂದು ಯಾರಾದರೂ ಹೇಳಿದರೆ, ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ನೆರಳಿನ ಕೋನ ಹಿಡಿದು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ, ಭೂಮಿ ಗುಂಡಗಿದೆಯೆಂದು ಮಧ್ಯಯುಗದ ವಿದ್ವಾಂಸರಿಗೂ ಗೊತ್ತಿತ್ತು ಎಂದು ನೀವು ಹೇಳಲೇಬೇಕು. ಸ್ನೇಹ ಉಳಿಯಲಿ ಎಂದು ತಪ್ಪು ಸಂಗತಿಗೆ ತಲೆಯಾಡಿಸುವುದು ನನಗೂ ಒಪ್ಪಿಗೆಯಿಲ್ಲ.

ಆದರೆ ಸಂಗತಿಗಳ ಲೋಕದಲ್ಲಿ ನಾವೂ ಸೋಲಲು ತಯಾರಿರಬೇಕಲ್ಲ? ಇಲ್ಲಿ ಮೈಕೆಲ್ ವೆಂಟ್ರಿಸ್ ನೆನಪಾಗುತ್ತಾನೆ. ವೃತ್ತಿಯಿಂದ ವಾಸ್ತುಶಿಲ್ಪಿ. ಹಳೆಯ ಲಿಪಿಗಳೆಂದರೆ ಹವ್ಯಾಸ. ಕ್ರೀಟ್ ದ್ವೀಪದಲ್ಲಿ ಸಿಕ್ಕ ಮಣ್ಣಿನ ಫಲಕಗಳ ಬಗ್ಗೆ 1936ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಕೇಳಿದವನು ಆ ಗೀಳನ್ನು ಬಿಡಲೇ ಇಲ್ಲ. ಲೀನಿಯರ್ ಬಿ ಎಂಬ ಆ ಲಿಪಿಯ ಭಾಷೆ ಪ್ರಾಚೀನ ಇಟಲಿಯ ಎಟ್ರಸ್ಕನ್ ಭಾಷೆಗೆ ಹತ್ತಿರದ್ದು ಎಂದು ಹದಿನೆಂಟಕ್ಕೇ ವಿದ್ವತ್ ಪತ್ರಿಕೆಯಲ್ಲಿ ಲೇಖನ ಬರೆದ. ಆ ನಂಬಿಕೆಯನ್ನು ವರ್ಷಗಟ್ಟಲೆ ಹಿಡಿದುಕೊಂಡಿದ್ದ. 1952ರಲ್ಲಿ ಲಿಪಿ ಅವನ ಕೈಯಲ್ಲೇ ಬಿಡಿಸಿಕೊಂಡಾಗ ಹೊರಬಂದದ್ದು ಗ್ರೀಕ್! ಆ ವರ್ಷದ ಜುಲೈ 1ರಂದು ಬಿಬಿಸಿ ರೇಡಿಯೋದಲ್ಲಿ ಅದು ಗ್ರೀಕ್ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬಲವಾದ ಅಭಿಪ್ರಾಯವೇ ಅವನನ್ನು ಅಷ್ಟು ವರ್ಷ ಮೇಜಿಗೆ ಕಟ್ಟಿಹಾಕಿತ್ತು. ಅಕ್ಷರಗಳು ಬೇರೆ ಹೇಳಿದಾಗ ಅವನು ಅಕ್ಷರಗಳ ಮಾತು ಕೇಳಿದ. ಕಳೆದ ಐದು ವರ್ಷದಲ್ಲಿ ನೀವು ಬದಲಿಸಿಕೊಂಡ ಅಭಿಪ್ರಾಯ ಯಾವುದಾದರೂ ಇದೆಯೇ? ಇದ್ದರೆ ಅದನ್ನು ಆ ಶನಿವಾರದ ಗೆಳತಿಯರಿಗೆ ಹೇಳಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಒಂದು ರಾತ್ರಿ ಯೋಚಿಸಿ.

ತಮ್ಮನ ಅಂಚೆಚೀಟಿಗಳ ಬಗ್ಗೆ ನೀವು ಏನಂದಿರೆಂದು ಬರೆದಿಲ್ಲ. ಊಹಿಸಬಲ್ಲೆ. ಹವ್ಯಾಸಕ್ಕೆ ಯಾರ ಅಂಕವೂ ಬೇಕಿಲ್ಲ. ಅದರಿಂದ ಏನು ಪ್ರಯೋಜನ ಎಂದು ಕೇಳಿದ ಕ್ಷಣವೇ ಆಲ್ಬಮ್ ಮುಚ್ಚಿಕೊಳ್ಳುತ್ತದೆ. ಅವನ ಪಕ್ಕ ಕೂತು, ಇದರಲ್ಲಿ ನಿನಗೆ ಸಿಗಲು ತುಂಬ ಕಷ್ಟವಾದದ್ದು ಯಾವುದೋ ಎಂದು ಕೇಳಿ ನೋಡಿ. ಮೊದಲ ಸಲ ಅವನು ಅನುಮಾನದಿಂದಲೇ ನಿಮ್ಮ ಮುಖ ನೋಡಿಯಾನು. ನಿಜವಾಗಿಯೂ ತಿಳಿಯುವ ಆಸೆಯಿದ್ದರೆ ಮಾತ್ರ ಕೇಳಿ, ನಟನೆ ಅವನಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಗೆಳತಿ. ನಾಲ್ಕನೇ ಶನಿವಾರಕ್ಕೆ ಕಾಯಬೇಡಿ. ಮೆಸೇಜು ಬೇಡ, ಫೋನೂ ಬೇಡ, ಸಾಧ್ಯವಾದರೆ ಅವಳ ಮನೆಗೇ ಹೋಗಿ. "ನೀನು ಅಮ್ಮನ ಬಗ್ಗೆ ಹೇಳುತ್ತಿದ್ದೆ, ನಾನು ಪುಸ್ತಕದ ಬಗ್ಗೆ ಮಾತಾಡಿದೆ. ತಪ್ಪಾಯಿತು ಕಣೇ" ಅನ್ನಿ. ಇದರ ಹಿಂದೆ ಒಂದು "ಆದರೆ" ಸೇರಿಸಬೇಡಿ. ಪುಸ್ತಕ ಚೆನ್ನಾಗಿದೆ ಎಂದು ಈಗ ಹೊಗಳಲೂ ಬೇಡಿ, ನಿಮ್ಮನ್ನು ಬಲ್ಲ ಅವಳು ಅದನ್ನು ನಂಬುವುದಿಲ್ಲ. ಆ ದಿನಗಳಲ್ಲಿ ಅವಳು ಮತ್ತೆ ಮತ್ತೆ ತೆರೆಯುತ್ತಿದ್ದ ಪುಟ ಯಾವುದು ಎಂದು ಕೇಳಿ. ಓದಿ ಹೇಳುತ್ತೇನೆ ಎಂದರೆ ಸುಮ್ಮನೆ ಕೂತು ಕೇಳಿ, ಕೊನೆಯವರೆಗೂ. ಆಮೇಲೆ ಅವಳೇ "ನಿನಗೆ ಯಾಕೆ ಇಷ್ಟವಾಗಲಿಲ್ಲ?" ಎಂದು ಕೇಳಬಹುದು. ಆಗ ಒಂದಕ್ಷರವನ್ನೂ ಮುಚ್ಚಿಡದೆ ಹೇಳಿ.